ಜೈತುನಾ ಮನೆಯ ಮದುವೆ

"ಮುಂದಿನ ಗುರುವಾರ ತಾನೇ? ನಾನಂತೂ ಬಟ್ಟೆ ಹೊಲಿಯೋಕೆ ಕೊಟ್ಟಾಯ್ತು ಕಣೇ ರಮ್ಲಾ."

ದಿರೆದಾವಾ ಪಟ್ಟಣದ ತರಕಾರಿ ಸಂತೆಯಲ್ಲಿ ಈರುಳ್ಳಿ ಆರಿಸುತ್ತಿದ್ದ ದೂರದ ನೆಂಟಳೊಬ್ಬಳು ತಲೆಯೆತ್ತದೆ ಹೀಗಂದಾಗ ರಮ್ಲಾ ಎತ್ತಿಕೊಂಡಿದ್ದ ಟೊಮೇಟೊ ಕೈಯಲ್ಲೇ ಉಳಿಯಿತು. ಗುರುವಾರ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳಿಬಿಡಬಹುದಿತ್ತು. ಅಷ್ಟರಲ್ಲಿ ನೆಂಟಳೇ ಮುಂದುವರಿಸಿದಳು. "ನಿಮ್ಮಮ್ಮ ಫೋನ್ ಮಾಡಿ ಬಾಯಿ ತುಂಬ ಕರೆದ್ರು. ಹರಾರಲ್ಲಿ ಮದುವೆ ಊಟ ಮಾಡಿ ಎಷ್ಟು ಕಾಲ ಆಗಿತ್ತು ಅಂತೀಯ!"

ತವರಿನಲ್ಲಿ ಮದುವೆ. ಹಿರಿಯ ಮಗಳಿಗೆ ಸುದ್ದಿ ಸಿಗುವುದು ಈರುಳ್ಳಿ ರಾಶಿಯ ಮುಂದೆ. ರಮ್ಲಾಳ ಕಿವಿ ಬಿಸಿಯಾಯಿತು. ಆದರೂ ಸುಮ್ಮನಿರುವ ಜಾತಿಯಲ್ಲ ಅವಳು. "ಹೂಂ, ಗುರುವಾರವೇ. ಮಕ್ಕಳನ್ನೂ ಕರ್ಕೊಂಡು ಬಾ, ಒಬ್ಬಳೇ ಬಂದು ಕೂತ್ಕೊಂಡೀಯ ಮತ್ತೆ," ಎಂದು ನಕ್ಕು, ಟೊಮೇಟೊ ಕೊಳ್ಳದೆಯೇ ಮನೆಗೆ ಬಂದಳು.

ತಾಯಿಯ ಮನೆಯಲ್ಲಿ ಮದುವೆಯಾಗದೆ ಉಳಿದವನು ಒಬ್ಬನೇ, ತಮ್ಮ ಫರ್ಹಾನ್. ಹರಾರ್‌ನ ಬೀದಿಗಳಲ್ಲಿ ನೀಲಿ ಆಟೋ ಓಡಿಸುವ ಫರ್ಹಾನನಿಗೆ ವಯಸ್ಸು ಮೂವತ್ತು ದಾಟಿತ್ತು. ಎಷ್ಟು ಹೆಣ್ಣು ತೋರಿಸಿದರೂ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ರಮ್ಲಾ ಅವನಿಗೆ ಫೋನ್ ಮಾಡಿದಳು.

"ಏನೋ, ಮದುವೆಯಂತೆ?"

ಆ ಕಡೆ ಆಟೋ ಗಡಗಡ ಎನ್ನುತ್ತಿತ್ತು. "ಅಕ್ಕಾ, ನಾನು ಗಾಡೀಲಿದೀನಿ. ಆ ವಿಷಯ ಅಮ್ಮನ್ನೇ ಕೇಳು."

"ನಾನು ನಿನ್ನ ಕೇಳ್ತಿರೋದು."

"ಅದೇ ನಾನೂ ಹೇಳ್ತಿರೋದು, ಅಮ್ಮನ್ನ ಕೇಳು. ಅಯ್ಯೋ, ಎದುರಿಗೆ ಕತ್ತೆ ಬಂತು, ಇಡ್ತೀನಿ."

ಅಮ್ಮನ ಫೋನು ಎಂದಿನಂತೆ ಎಲ್ಲೋ ದಿಂಬಿನಡಿ ಹೊಡೆದುಕೊಂಡು ಸುಮ್ಮನಾಯಿತು. ಶನಿವಾರ ಬೆಳಿಗ್ಗೆ, ಗಂಡನಿಗೆ ಮಕ್ಕಳನ್ನು ಒಪ್ಪಿಸಿ, ಶಾಲೆಯ ಉತ್ತರಪತ್ರಿಕೆಗಳ ಕಟ್ಟನ್ನು ಕಪಾಟಿಗೆ ತುರುಕಿ ರಮ್ಲಾ ಮಿನಿಬಸ್ಸು ಹತ್ತಿದಳು. ದಿರೆದಾವಾದ ಸೆಕೆ ಬೆಟ್ಟದ ತಿರುವುಗಳಲ್ಲಿ ಕರಗಿತು. ಮೇಲೆ ಮೇಲೆ ಹೋದಂತೆ ಗಾಳಿ ತಂಪಾಯಿತು. ಅವಳ ಸಿಟ್ಟು ಮಾತ್ರ ತಂಪಾಗಲಿಲ್ಲ. ಹುಡುಗಿ ಯಾರು, ಯಾವ ಮನೆಯವಳು, ಏನು ಓದಿದ್ದಾಳೆ, ಒಂದು ಮಾತು ಅಕ್ಕನಿಗೆ ಹೇಳುವಷ್ಟು ಪುರುಸೊತ್ತು ಇರಲಿಲ್ಲವೇ ಇವರಿಗೆ?

ಹರಾರ್‌ನವರು ತಮ್ಮ ಊರಿಗೆ ಹೆಸರಿಟ್ಟು ಕರೆಯುವುದಿಲ್ಲ. ಕೋಟೆಗೋಡೆಯ ಒಳಗಿರುವುದಷ್ಟೇ ಊರು, ಉಳಿದದ್ದೆಲ್ಲ ಹೊರಗು. ಮದುವೆಯಾದ ಮೇಲೆ ರಮ್ಲಾ ಹೊರಗಿನವಳೇ ಆಗಿದ್ದಳು. ಹಬ್ಬಕ್ಕೆ ಬಂದರೂ ಗಂಡನ ಕಾರು ಅಮ್ಮನ ಓಣಿಯ ಬಾಯಿಗೇ ಬಂದು ನಿಲ್ಲುತ್ತಿತ್ತು, ಅಲ್ಲಿಂದಲೇ ಹಿಂದಿರುಗುತ್ತಿತ್ತು. ಇವತ್ತು ಕೋಟೆಯ ಷೋವಾ ಬಾಗಿಲ ಮುಂದೆ ಇಳಿದು, ಕಬ್ಬು ಮಾರುವವರ, ಸೌದೆ ಹೊತ್ತ ಕತ್ತೆಗಳ ನಡುವೆ ದಾರಿ ಮಾಡಿಕೊಂಡು ಕಮಾನಿನಡಿ ನುಸುಳಿದಳು. ಗೋಡೆಯ ಕಲ್ಲಿನ ಮಣ್ಣುವಾಸನೆ ಮೂಗಿಗೆ ಬಡಿದ ಕೂಡಲೇ ಕಾಲುಗಳು ತಾವೇ ಬಲಕ್ಕೆ ತಿರುಗಿದವು. ಮುಂದೆ ಹಸಿರು ಗುಮ್ಮಟದ ಗೋರಿ, ಅದನ್ನು ಬಳಸಿ ಎಡಕ್ಕೆ, ಸುಣ್ಣದ ಗೋಡೆಗಳ ನಡುವೆ ಇಳಿಜಾರು. ಬರೀ ಗೋಡೆಗಳೇ ಅನ್ನುವಂತೆ ಕಾಣುವ ಆ ಓಣಿಗಳಲ್ಲಿ ಒಂದೊಂದು ಕದವೂ ಒಂದೊಂದು ಬಣ್ಣ. ಅಮ್ಮನ ಮನೆಯದು ನೀಲಿ.

ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಳ ಹಂಚಿಕೊಂಡಿದ್ದ ಪಕ್ಕದ ಮನೆಯಾಕೆ ಹೊರಗಿಣುಕಿ, "ಬಂದ್ಯಾ ತಾಯಿ! ನಿಮ್ಮಮ್ಮ ಬೆಳಿಗ್ಗೇನೇ ಹೊರಟ್ರು, ಅಂಗಡಿ ಅಂಗಡಿ ಸುತ್ತಿ ಕರೀಬೇಕು ಅಂತ. ಮನೆ ನೋಡು, ಹೇಗೆ ಮಾಡಿದಾರೆ!" ಎಂದಳು.

ರಮ್ಲಾ ಚಪ್ಪಲಿ ಬಿಟ್ಟು ಒಳಗೆ ನಿಂತಳು. ನೆಲಕ್ಕೂ ಜಗಲಿಗಳ ಅಂಚಿಗೂ ಹೊಸದಾಗಿ ಕೆಮ್ಮಣ್ಣು ಬಳಿದಿತ್ತು. ಕೂರಲು ಮನೆಯೊಳಗೇ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಕೆಳಗಿನ ಜಗಲಿ, ಮೇಲಿನ ಜಗಲಿ, ಅದರ ಮೇಲೆ ಜಮಖಾನ, ಗೋಡೆಯ ತುಂಬ ತೊಳೆದು ಒಣಗಿಸಿ ತೂಗುಹಾಕಿದ ಬಣ್ಣದ ಹುಲ್ಲುಬುಟ್ಟಿಗಳು, ಎನಾಮಲ್ ತಟ್ಟೆಗಳು. ಅಮ್ಮ ಅವನ್ನು ಇಷ್ಟು ಸೊಗಸಾಗಿ ಜೋಡಿಸಿದ್ದು ರಮ್ಲಾಳ ಮದುವೆಗೇ ಕೊನೆ. ಒಂದು ಕ್ಷಣ ಸಿಟ್ಟು ಮರೆತು ನೋಡುತ್ತ ನಿಂತಳು. ಆಮೇಲೆ ಮೂಲೆಯ ಕಡೆ ಕಣ್ಣು ಹೋಯಿತು. ಅಲ್ಲಿ ಕಾಫಿ. ಒಂದು ಚೀಲವಲ್ಲ, ಎರಡಲ್ಲ. ಡಬ್ಬಗಳಲ್ಲಿ, ಜಾಡಿಗಳಲ್ಲಿ, ಹಳೆಯ ಹಿಟ್ಟಿನ ಟಿನ್ನುಗಳಲ್ಲಿ, ಎಲ್ಲದರಲ್ಲೂ ಹುರಿದ ಕಾಫಿಬೀಜ. ಇಡೀ ಓಣಿ ಒಂದು ವರ್ಷ ಕುಡಿದರೂ ಮುಗಿಯದಷ್ಟು. ಮದುವೆಗೆ ಇಷ್ಟೊಂದು ಯಾಕೆ ಎಂದುಕೊಂಡು ರಮ್ಲಾ ಅಮ್ಮನನ್ನು ಹುಡುಕಲು ಹೊರಟಳು.

ಮೊದಲು ಹೋದದ್ದು ಹಾಜಿ ರಂಜಾನನ ಅಂಗಡಿಗೆ. ಅಮ್ಮ ಎಲ್ಲಿಗೆ ಹೊರಟರೂ ಮೊದಲು ಕೂರುವುದು ಅಲ್ಲೇ. ಮೆಣಸಿನಪುಡಿಯ ಕೆಂಪು ಗುಡ್ಡೆ, ಅರಿಸಿನ, ಮೆಂತ್ಯ, ಕರಿಜೀರಿಗೆ, ಗಾಜಿನ ಭರಣಿಗಳಲ್ಲಿ ಲೋಬಾನದ ಹಳದಿ ಹರಳು. ಇವುಗಳ ನಡುವೆ ಹಾಜಿ ಮೊಣಕಾಲೂರಿ, ಬಿಳಿ ಟೋಪಿ ಹಿಂದಕ್ಕೆ ಸರಿಸಿಕೊಂಡು ಕೂತಿದ್ದ. ಮೂವತ್ತು ವರ್ಷದ ಹಿಂದೆ ಹೇಗೆ ಕೂತಿದ್ದನೋ ಹಾಗೇ.

"ಜೈತುನಾ ಮಗಳಲ್ವಾ! ಬಾ ಬಾ. ನಿಮ್ಮಮ್ಮ ಈಗ ತಾನೇ ಎದ್ದು ಹೋದ್ರು. ಮದುವೆ ಮನೆಗೆ ಧೂಪ ನಮ್ಮ ಕಡೆಯಿಂದ ಅಂತ ಹೇಳಿದೀನಿ, ಬೇಡ ಅನ್ನಬಾರದು."

"ಯಾಕೆ ಬೇಡ ಅಂತೀವಿ ಹಾಜಿ," ಎಂದಳು ರಮ್ಲಾ. ಹೆಣ್ಣು ಯಾರ ಪೈಕಿ ಎಂದು ಹೇಗೆ ಕೇಳುವುದು? ಮನೆಯ ಮಗಳೇ ಮಸಾಲೆ ಅಂಗಡಿಯಲ್ಲಿ ನಿಂತು ಮನೆಯ ಮದುವೆ ಯಾರ ಜೊತೆ ಎಂದು ಕೇಳಿದರೆ ಸಂಜೆಯೊಳಗೆ ಕೋಟೆಯ ಐದೂ ಬಾಗಿಲಿಗೆ ಸುದ್ದಿ ಮುಟ್ಟುತ್ತದೆ. ಉಪಾಯವಾಗಿ, "ಸಂಬಂಧ ಹೇಗನ್ನಿಸ್ತು ನಿಮಗೆ?" ಎಂದಳು.

"ಒಳ್ಳೇ ಸಂಬಂಧ ಬಿಡು. ಗಂಡು ಅಪ್ಪಟ ಬಂಗಾರ. ಹಲ್ಲೆಲ್ಲ ಗಟ್ಟಿ ಇದೆ, ಅದು ಮುಖ್ಯ." ಹಾಜಿ ಗಡ್ಡ ಅಲ್ಲಾಡಿಸಿ ನಕ್ಕ. ಫರ್ಹಾನನ ಹಲ್ಲಿನ ಮಾತು ಈಗೇಕೆ ಬಂತೋ ರಮ್ಲಾಳಿಗೆ ತಿಳಿಯಲಿಲ್ಲ. ಮುದುಕರ ತಮಾಷೆ ಎಂದುಕೊಂಡಳು. ಹಾಜಿ ಒಂದು ಹಿಡಿ ಲೋಬಾನ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. "ನೀನು ಚಿಕ್ಕವಳಿದ್ದಾಗ ಇದನ್ನ ಕಲ್ಲುಸಕ್ಕರೆ ಅಂತ ಬಾಯಿಗೆ ಹಾಕ್ಕೊಂಡು ಅತ್ತಿದ್ದೆ. ಜ್ಞಾಪಕ ಇದೆಯಾ?"

ಇರಲಿಲ್ಲ. ಆದರೆ ಹಾಜಿಗೆ ಇತ್ತಲ್ಲ ಎಂಬುದೇ ಅವಳಿಗೆ ಹೇಗೋ ಆಯಿತು. ದಿರೆದಾವಾದಲ್ಲಿ ಅವಳು ವಾರವಾರವೂ ಸಾಮಾನು ಕೊಳ್ಳುವ ಅಂಗಡಿಯವನಿಗೆ ಅವಳ ಹೆಸರು ಗೊತ್ತಿರಲಿಲ್ಲ.

ದೊಡ್ಡ ಸಂತೆಯ ಮಾಂಸದ ಅಂಗಡಿಗಳ ಹತ್ತಿರ ಹದ್ದುಗಳು ತಲೆಯ ಮೇಲೇ ಸುತ್ತುತ್ತಿದ್ದವು. ಯಾರೋ ಅಜ್ಜ ಬುಟ್ಟಿಯ ಬಟ್ಟೆ ಸರಿಸಿದ್ದೇ ತಡ, ಒಂದು ಹದ್ದು ಸುಯ್ಯೆಂದು ಎರಗಿ ಕೊಬ್ಬಿನ ತುಂಡು ಕಿತ್ತುಕೊಂಡು ಕಮಾನಿನ ಮೇಲೆ ಕೂತಿತು. ಅಜ್ಜ ಅದಕ್ಕೆ ಕೈ ಮಾಡಿ ಬೈದ, ಸುತ್ತಲಿದ್ದವರು ಹದ್ದಿನ ಪರ ವಹಿಸಿದರು. "ಅದಕ್ಕೂ ಮನೇಲಿ ಮಕ್ಕಳಿಲ್ವಾ ತಾತ!" ರಮ್ಲಾಳಿಗೂ ನಗು ಬಂತು. ಅಷ್ಟರಲ್ಲಿ ಕಸಾಯಿ ಕತ್ತಿ ಒರೆಸುತ್ತ ಕೂಗಿದ.

"ರಮ್ಲಾ ಅಕ್ಕಾ! ನಿಮ್ಮಮ್ಮ ಎತ್ತಿಗೆ ಹೇಳಿದಾರೆ. ಹೆಣ್ಣಿನ ಕಡೆಯವರು ನೀವು, ಯಾವುದಕ್ಕೂ ಕಡಿಮೆ ಆಗಬಾರದು, ನಾನು ನೋಡ್ಕೋತೀನಿ!"

"ಗಂಡಿನ ಕಡೆ," ಎಂದು ತಿದ್ದಲು ಹೋಗಿ ರಮ್ಲಾ ನಿಲ್ಲಿಸಿಕೊಂಡಳು. ಕಸಾಯಿಗೆ ಮಾತು ತಪ್ಪಿರಬೇಕು. "ಅಮ್ಮ ಎಲ್ಲಿಗೆ ಹೋದ್ರು?"

"ದರ್ಜಿ ಬೀದಿಗೆ."

ಆ ಬೀದಿಗೆ ಹೊಲಿಗೆಯಂತ್ರಗಳ ಸದ್ದೇ ಹೆಸರು, ಗಿರ್‌ಗಿರ್ ಬೀದಿ. ಒಂದು ಬದಿ ಬಟ್ಟೆ ಅಂಗಡಿಗಳು, ಛಾವಣಿಯವರೆಗೂ ಒತ್ತಿಟ್ಟ ರೇಷ್ಮೆ, ಮಖಮಲ್ಲು, ಹೂವಿನ ವಾಯಿಲು. ಇನ್ನೊಂದು ಬದಿ ಬಿಸಿಲಿಗೆ ಬೆನ್ನು ಕೊಟ್ಟು ಸಾಲಾಗಿ ಕೂತ ದರ್ಜಿಗಳು. ಈ ಕಡೆ ಬಟ್ಟೆ ಕತ್ತರಿಸಿಕೊಂಡು, ಆ ಕಡೆ ದಾಟಿ ಕೊಟ್ಟು, ಒಂದು ಲೋಟ ಚಹಾ ಕುಡಿಯುವುದರೊಳಗೆ ಉಟ್ಟುಕೊಂಡು ಹೋಗಬಹುದು. ರಮ್ಲಾಳ ಅಪ್ಪ ಬದುಕಿದ್ದಾಗ ಹಬ್ಬದ ಮುನ್ನಾದಿನ ಅವಳನ್ನು ಇಲ್ಲಿಗೆ ಕರೆತಂದು, ಬೇಕಾದ ಬಣ್ಣ ಆರಿಸಿಕೋ ಎಂದು ಬಿಟ್ಟುಬಿಡುತ್ತಿದ್ದ. ಅಷ್ಟು ಬಣ್ಣಗಳ ಮುಂದೆ ಅವಳಿಗೆ ಆರಿಸಲಾಗದೆ ಅಳು ಬರುತ್ತಿತ್ತು. ಈಗಲೂ ಆರಿಸಲಾಗದು ಅನ್ನಿಸಿತು. ಬಿಸಿಲು ಬಟ್ಟೆಗಳ ಮೂಲಕ ಸೋಸಿ ಬೀದಿಯ ಕಲ್ಲುಗಳ ಮೇಲೆ ಕೆಂಪಾಗಿ, ಹಸಿರಾಗಿ ಬಿದ್ದಿತ್ತು. ಇದೆಲ್ಲ ಇಷ್ಟು ಹತ್ತಿರವಿತ್ತು, ತಾನು ಯಾಕೆ ಬರಲಿಲ್ಲ ಎಂದು ಅವಳಿಗೆ ಗೊತ್ತಾಗಲಿಲ್ಲ.

"ಸರಿಯಾದ ಹೊತ್ತಿಗೆ ಬಂದೆ ಕಣಮ್ಮಾ," ಎಂದ ದರ್ಜಿ ನಾಸಿರ್. ಅವರ ಮನೆಯ ಬಟ್ಟೆಯೆಲ್ಲ ಹೊಲಿದವನು ಅವನೇ. "ನಿಮ್ಮಮ್ಮ ಅಳತೆ ನೋಡಿ ಹೋದ್ರು. ಮದುಮಗಳ ಇಜಾರ ನೋಡ್ತೀಯಾ? ಹೇಳು, ಈ ಕೆಲಸ ಈಗಿನ ಹುಡುಗರ ಕೈಲಿ ಆಗತ್ತಾ?"

ನೇರಳೆ ಮಖಮಲ್ಲಿನ ಇಜಾರ. ಕಣಕಾಲಿನ ಹತ್ತಿರ ಬಿಗಿಯಾಗಿ ಹಿಡಿಯುವ ಪಟ್ಟಿಗಳಿಗೆ ಚಿನ್ನದ ಬಣ್ಣದ ನೂಲಿನಲ್ಲಿ ಕಸೂತಿ, ಚುಕ್ಕಿಗೆ ಚುಕ್ಕಿ ಸೇರಿಸಿದ್ದು ಕಣ್ಣಿಗೇ ಕಾಣದಷ್ಟು ಸಣ್ಣ. ಮೆಚ್ಚಲೇಬೇಕಾದ ಕೆಲಸ. "ಎಷ್ಟು ಚೆನ್ನಾಗಿದೆ ನಾಸಿರ್!" ಎಂದು ರಮ್ಲಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಆದ್ರೆ ಎಡಗಡೆ ಸ್ವಲ್ಪ ಮೋಟು..."

ಇಜಾರದ ಎರಡೂ ಅಂಚು ಜೋಡಿಸಿ ನೋಡಿದಳು.

"ಮೋಟಾಗ್ದೆ ಇನ್ನೇನು? ಆ ಕಾಲೇನು ಈಗ ಬೆಳೆದುಬಿಟ್ಟಿದೆಯಾ?" ನಾಸಿರ್ ಬಾಯಲ್ಲಿದ್ದ ದಾರ ಕಚ್ಚಿ ನಕ್ಕ. "ಮದುವೆ ದಿನಾನೂ ಎಳ್ಕೊಂಡು ನಡೀಬಾರದು ಅಂತ ಅಳೆದು ಹೊಲಿದಿದೀನಿ."

ಬುಟ್ಟಿ ತೂಗುಹಾಕುವಾಗ ಏಣಿಯಿಂದ ಬಿದ್ದು, ಮೂಳೆ ಸರಿಯಾಗಿ ಕೂಡದೆ ಎಡಗಾಲು ಒಂದಿಷ್ಟು ಗಿಡ್ಡವಾದದ್ದು ಈ ಊರಲ್ಲಿ ಒಬ್ಬಳಿಗೇ. ಅವಳ ಇಜಾರಗಳ ಎಡಗಡೆ ಅಂಚು ಮಡಿಚಿ ಹೊಲಿಯುತ್ತಿದ್ದದ್ದು ಹುಡುಗಿಯಾಗಿದ್ದ ರಮ್ಲಾಳೇ. ಹಲ್ಲು ಗಟ್ಟಿ ಇದೆ. ಹೆಣ್ಣಿನ ಕಡೆಯವರು ನೀವು. ಎಲ್ಲ ಒಟ್ಟಿಗೆ ಬಂದು ತಲೆಗೆ ಹೊಡೆಯಿತು. ಮದುವೆ ಫರ್ಹಾನನದಲ್ಲ.

ಅವಳು ಇಜಾರವನ್ನು ಜೋಪಾನವಾಗಿ ಮಡಿಸಿಟ್ಟಳು. "ಚೆನ್ನಾಗಿದೆ," ಎಂದಳು ಮತ್ತೊಮ್ಮೆ. ಬೀದಿಗೆ ಇಳಿದ ಮೇಲೆ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ನೋಡದೆ ನಡೆದಳು. ಅಮ್ಮನಿಗೆ ಅರವತ್ತು ದಾಟಿದೆ. ಮೊಮ್ಮಕ್ಕಳಿದ್ದಾರೆ. ಅಪ್ಪ ತೀರಿಕೊಂಡಾಗ ಅತ್ತದ್ದೆಲ್ಲ ಏನಾಯಿತು? ಊರಿಗೆ ಊರೇ ನಗುತ್ತಿದೆ, ಎಲ್ಲರಿಗೂ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ. ಇಷ್ಟಾಗಿ ಗಂಡು ಯಾರು? ಅದನ್ನೂ ಕೇಳುವ ಹಾಗಿಲ್ಲ!

ಹಾಗೇ ನುಗ್ಗಿದ್ದು ರಾಜಿ ಓಣಿಗೆ. ಊರಲ್ಲಿ ಅಷ್ಟು ಇಕ್ಕಟ್ಟಿನ ಓಣಿ ಇನ್ನೊಂದಿಲ್ಲ. ಎರಡೂ ಕಡೆಯ ಗೋಡೆಗೆ ಹೆಗಲು ತಾಗುತ್ತದೆ. ಮುನಿಸಿಕೊಂಡವರು ಎದುರುಬದುರಾದರೆ ಒಬ್ಬರನ್ನೊಬ್ಬರು ಮಾತಾಡಿಸದೆ ದಾಟಲಾಗದು ಎಂದೇ ಆ ಹೆಸರು. ಅರ್ಧ ದಾರಿಗೆ ಬಂದಿದ್ದಳು, ಎದುರಿನಿಂದ ಮೊದಲು ಹುರಿದ ಕಾಫಿಯ ಹೊಗೆವಾಸನೆ ಬಂತು. ಆಮೇಲೆ ಒಂದು ಚೀಲ. ಚೀಲದ ಕೆಳಗೆ ಒಬ್ಬ ಮನುಷ್ಯ.

ಕಾಫಿ ಹುರಿಯುವ ಅವ್ ಬೆದ್ರಿ. ಹಿರಿಯರನ್ನು ಊರವರು ಅವ್ ಎಂದು ಸೇರಿಸಿಯೇ ಕರೆಯುತ್ತಾರೆ, ಆದರೆ ಬೆದ್ರಿಯನ್ನು ಹುಡುಗನಾಗಿದ್ದಾಗಿನಿಂದಲೂ ಹಾಗೇ ಕರೆಯುತ್ತಿದ್ದರೇನೋ ಅನ್ನುವಂಥ ಸಾವಧಾನದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದೆಯೇ ಮಲಗುತ್ತಿದ್ದ. ರಮ್ಲಾ ಅವನನ್ನು ನೋಡಿದಳು, ಚೀಲವನ್ನು ನೋಡಿದಳು. ಅಮ್ಮನ ಮನೆಯ ಮೂಲೆಯ ಡಬ್ಬಗಳೂ ಜಾಡಿಗಳೂ ಟಿನ್ನುಗಳೂ ಕಣ್ಣಿಗೆ ಕಟ್ಟಿದವು.

ಬೆದ್ರಿಯೂ ಅವಳನ್ನು ಗುರುತಿಸಿದ. ಮುಖ ಒಮ್ಮೆ ಕೆಂಪಾಗಿ, ಬಿಳಿಚಿಕೊಂಡಿತು. "ಬಾ ಮಗಳೇ," ಎಂದ. "ನಾನು ಹಿಂದಕ್ಕೆ ಹೋಗ್ತೀನಿ."

"ಬೇಡಿ. ನಾನೇ ಹೋಗ್ತೀನಿ. ನಿಮ್ಮ ಹೆಗಲ ಮೇಲೆ ಭಾರ ಇದೆ."

"ಭಾರ ಇದ್ದೇ ಇರತ್ತೆ. ನೀನು ದೂರದಿಂದ ಬಂದಿದೀಯ, ನಾನು ದಿನಾ ಓಡಾಡೋನು."

ಚೀಲದಿಂದಾಗಿ ಅವನಿಗೆ ತಿರುಗಲಾಗುವಂತಿರಲಿಲ್ಲ. ಹಾಗಾಗಿ ಹಿಮ್ಮುಖವಾಗಿಯೇ ಹೆಜ್ಜೆ ಇಡತೊಡಗಿದ. ಅವಳು ಮುಂದೆ ನಡೆಯಲೇಬೇಕಾಯಿತು. ಮುಖಕ್ಕೆ ಮುಖ ಕೊಟ್ಟು ಇಬ್ಬರೂ ಓಣಿಯುದ್ದಕ್ಕೂ ಹೊರಟರು.

"ಎಷ್ಟು ದಿನದಿಂದ?" ಎಂದಳು ರಮ್ಲಾ.

ಅವನು ತಿಳಿಯದವನಂತೆ ನಟಿಸಲಿಲ್ಲ. "ಹೋದ ಮಳೆಗಾಲದಿಂದ. ನಿಮ್ಮಮ್ಮ ಒಂದಿನ ಅಂಗಡಿಗೆ ಬಂದು, ನಿನ್ನ ಕಾಫಿ ಸೀದುಹೋಗಿದೆ ಅಂತ ಚೀಲ ನನ್ನ ಮುಂದೆ ಸುರಿದ್ರು. ನಲವತ್ತು ವರ್ಷ ಹುರಿದಿದೀನಿ, ಈ ಊರಲ್ಲಿ ಯಾರೂ ಹಾಗಂದಿರ್ಲಿಲ್ಲ. ಮತ್ತೆ ಹುರಿದುಕೊಟ್ಟೆ. ಅದು ಹಸಿ ಅಂದ್ರು. ಮತ್ತೆ ಕೊಟ್ಟೆ."

"ಅದು?"

"ಅದು ಪರವಾಗಿಲ್ಲ, ಆದ್ರೆ ನೀನು ಹುರೀವಾಗ ಬೇರೇನೋ ಯೋಚನೆ ಮಾಡ್ತಿದ್ದೆ ಅಂದ್ರು." ಬೆದ್ರಿ ನಿಟ್ಟುಸಿರಿಟ್ಟ. "ಮಾಡ್ತಿದ್ದೆ."

"ಹುಷಾರು, ಹಿಂದೆ ಮೆಟ್ಟಿಲಿದೆ," ಎಂದಳು ರಮ್ಲಾ ಥಟ್ಟನೆ. ಅವನು ಕಾಲು ತಡವಿ ಇಳಿದ. "ಇನ್ನೊಂದು ಇದೆ. ಹಾಂ, ಈಗ ಸಮ. ಸ್ವಲ್ಪ ಎಡಕ್ಕೆ ಬನ್ನಿ, ಗೋಡೆಗೆ ಚೀಲ ತಾಗ್ತಿದೆ." ಸಿಟ್ಟಿನಲ್ಲಿದ್ದವಳು ಅವನಿಗೆ ದಾರಿ ಹೇಳುತ್ತಿದ್ದೇನೆ ಎಂಬುದು ಅರಿವಾದದ್ದು ಹೇಳಿಯಾದ ಮೇಲೆ. "ಈಗಲಾದ್ರೂ ಸರಿ ಇದೆಯಂತಾ ಕಾಫಿ?"

"ಇನ್ನೂ ಇಲ್ಲ. ಎಷ್ಟು ದಿನ ಅಂಗಡಿ ಮನೆ ಅಂತ ಓಡಾಡೋದು? ಒಂದೇ ಕಡೆ ಇದ್ರೆ ತಪ್ಪು ತಿದ್ದಿಕೊಳ್ಳೋದು ಸುಲಭ ಅಂತ ನಾನೇ ಕೇಳಿದೆ."

ರಮ್ಲಾ ನಗಬಾರದೆಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಓಣಿ ಮುಗಿಯಿತು. ಬೆದ್ರಿ ಚೀಲ ಇಳಿಸಿ ಬೆವರೊರೆಸಿಕೊಂಡ. "ಕೋಪ ಮಾಡ್ಕೋ ಮಗಳೇ, ನಿಂಗೆ ಹಕ್ಕಿದೆ. ಆದ್ರೆ ನನ್ನ ಮೇಲೆ ಮಾಡ್ಕೋ. ನಿಮ್ಮಮ್ಮ ಬುಟ್ಟಿ ಅಂಗಡೀಲಿ ಇದಾರೆ," ಎಂದು ಬಂದ ಓಣಿಯನ್ನೇ ಮತ್ತೆ ಹೊಕ್ಕ. ಚೀಲ ಎರಡೂ ಗೋಡೆಗೆ ಸವರುತ್ತ ದೂರವಾಯಿತು.

ಬುಟ್ಟಿ ಅಂಗಡಿಯಲ್ಲಿ ಅಮ್ಮ, ಊರವರ ಬಾಯಲ್ಲಿ ಆಯ್ ಜೈತುನಾ, ಕಿತ್ತಳೆ ಬಣ್ಣದ ಶಾಲು ಹೊದ್ದು, ಒಂದು ಮುಚ್ಚಳದ ಬುಟ್ಟಿಯನ್ನು ಬೆಳಕಿಗೆ ಹಿಡಿದು ಹೆಣಿಗೆ ಪರೀಕ್ಷಿಸುತ್ತಿದ್ದಳು. ಮಗಳನ್ನು ನೋಡಿ ಬುಟ್ಟಿ ಕೆಳಗಿಡಲೂ ಇಲ್ಲ.

"ಬಂದ್ಯಾ? ನಿನ್ನೇನೇ ಬರ್ತೀಯ ಅಂದ್ಕೊಂಡಿದ್ದೆ."

"ಅಮ್ಮಾ!"

"ಕಿರಿಚಬೇಡ, ಅಂಗಡಿ. ಈ ಬುಟ್ಟಿ ಹೇಗಿದೆ ಹೇಳು."

"ಊರಿಗೆಲ್ಲ ಹೇಳಿದೀಯ. ಈರುಳ್ಳಿ ಕೊಳ್ಳೋವಳಿಗೆ ಹೇಳಿದೀಯ. ನನಗೆ ಹೇಳಕ್ಕೆ ಬಾಯಿ ಬರ್ಲಿಲ್ವಾ?"

"ನಿಂಗೆ ಫೋನಲ್ಲಿ ಹೇಳಿದ್ರೆ ಫೋನಲ್ಲೇ ಬೇಡ ಅಂತಿದ್ದೆ. ಅದಕ್ಕೇ ಅವಳಿಗೆ ಹೇಳಿದೆ. ಅವಳಿಗೆ ಹೇಳಿದ್ರೆ ನೀನು ಓಡಿ ಬರ್ತೀಯ, ಬಂದ್ರೆ ಅಂಗಡಿ ಅಂಗಡಿ ಹುಡುಕ್ತೀಯ. ಹುಡುಕ್ತಾ ಹುಡುಕ್ತಾ ಸಿಟ್ಟು ಇಳಿಯತ್ತೆ ಅಂತ." ಮಗಳ ಮುಖವನ್ನು ದಿಟ್ಟಿಸಿ ನೋಡಿದಳು. "ಇಳಿದಿದೆ."

"ಇಳಿದಿಲ್ಲ," ಎಂದಳು ರಮ್ಲಾ. "ಅಪ್ಪ?"

ಜೈತುನಾ ಬುಟ್ಟಿಯನ್ನು ಕೆಳಗಿಟ್ಟಳು. ಅಂಗಡಿಯಾಕೆ ಏನೋ ನೆಪ ಮಾಡಿ ಒಳಗೆ ಹೋದಳು.

"ನಿಮ್ಮಪ್ಪ ಬದುಕಿರೋವರೆಗೂ ಅವರ ಕಾಫೀನೂ ಸರಿ ಇಲ್ಲ ಅಂತಿದ್ದೆ," ಎಂದಳು ನಿಧಾನವಾಗಿ. "ಹೋದ ಮೇಲೆ ಹಾಗಂತ ಹೇಳಕ್ಕೆ ಯಾರೂ ಇರ್ಲಿಲ್ಲ. ಫರ್ಹಾನ್ ಏನು ಕೊಟ್ರೂ ಕುಡೀತಾನೆ, ಕಲ್ಲು ಅರೆದು ಕೊಟ್ರೂ ಕುಡೀತಾನೆ. ನಾನು ಮುದುಕಿ, ಗೊತ್ತು. ಇಡೀ ಊರು ನಗ್ತಿದೆ, ಗೊತ್ತು. ನಾನೂ ನಗ್ತಾನೇ ಕರೆದು ಬಂದಿದೀನಿ. ನಿಕಾಹಿಗೆ ಗಂಡುಮಗ ಅಂತ ಫರ್ಹಾನ್ ಒಪ್ಪಿದ್ರೆ ಸಾಕು. ನನ್ನ ಮನಸ್ಸಿಗೆ ನೀನು ಒಪ್ಪಬೇಕು."

"ಎಲ್ಲರನ್ನೂ ಕರೆದಾದ ಮೇಲೆ ನನ್ನ ಒಪ್ಪಿಗೆ ಯಾಕೆ?"

"ಎಲ್ಲರನ್ನೂ ಕರೆದಿರೋದೇ ಅದಕ್ಕೆ. ಈಗ ನೀನು ಹೇಗೆ ಬೇಡ ಅಂತೀಯ ನೋಡೋಣ."

ರಮ್ಲಾ ಅಮ್ಮನನ್ನು ನೋಡಿದಳು. ಮೂಗಿನ ಮೇಲೆ ಕೆಮ್ಮಣ್ಣಿನ ಒಂದು ಚುಕ್ಕೆ ಒಣಗಿತ್ತು. ಒಂದು ಕಾಲು ಮೋಟಾದರೂ ಬೆಳಗಿನಿಂದ ಇಡೀ ಊರು ಸುತ್ತಿ, ಮಸಾಲೆಯವನಿಂದ ಧೂಪ, ಕಸಾಯಿಯಿಂದ ಮಾತು, ದರ್ಜಿಯಿಂದ ಮಖಮಲ್ಲು ಎಲ್ಲ ಗಿಟ್ಟಿಸಿಕೊಂಡು, ಇನ್ನೂ ಬುಟ್ಟಿಯ ಹೆಣಿಗೆಯಲ್ಲಿ ತಪ್ಪು ಹುಡುಕುತ್ತಿರುವ ಹೆಂಗಸು. ಇವಳ ಮುಂದೆ ತಾನು ಶಾಲೆಯಲ್ಲಿ ಮೇಡಂ ಅನ್ನಿಸಿಕೊಂಡು ಏನು ಪ್ರಯೋಜನ ಎನ್ನಿಸಿತು ರಮ್ಲಾಳಿಗೆ.

"ಈ ಬುಟ್ಟಿ ಬೇಡ," ಎಂದಳು. "ಹೆಣಿಗೆ ಸಡಿಲ. ಆ ಮೇಲಿರೋದನ್ನ ಇಳಿಸಕ್ಕೆ ಹೇಳು."

ಮನೆಗೆ ಬಂದಾಗ ಫರ್ಹಾನ್ ಅಂಗಳದಲ್ಲಿ ಆಟೋ ತೊಳೆಯುವ ನೆಪದಲ್ಲಿ ಬಗ್ಗಿದ್ದ. ತಲೆ ಎತ್ತಲಿಲ್ಲ. ರಮ್ಲಾ ಅವನ ಬೆನ್ನಿಗೆ ಗುದ್ದಿ, "ಕತ್ತೆ ಬಂತಂತೆ, ಕತ್ತೆ!" ಎಂದು ಒಳಗೆ ಹೋದಳು. ಸಂಜೆಯ ಬಾಂಗು ಒಂದು ಮಸೀದಿಯಿಂದ ಎದ್ದು, ಇನ್ನೊಂದು ಎತ್ತಿಕೊಂಡು, ಊರಿನ ಮಸೀದಿಗಳೆಲ್ಲ ಒಂದರ ಹಿಂದೆ ಒಂದು ಸೇರಿಕೊಂಡವು. ನಮಾಜು ಮುಗಿದ ಮೇಲೆ ಬೆದ್ರಿ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಶಾಸ್ತ್ರಕ್ಕೆ ಹೆಣ್ಣು ಕೇಳಬೇಕಲ್ಲ. ಬಂದವನು ಬಾಗಿಲ ಹತ್ತಿರದ ಕೆಳಗಿನ ಜಗಲಿಯಲ್ಲೇ, ಚಪ್ಪಲಿಗಳ ಪಕ್ಕ ಕೂತ.

ಮೇಲಿನ ಜಗಲಿಯ ಬಲಮೂಲೆ ಅಪ್ಪನ ಜಾಗ. ಮನೆಯ ಯಜಮಾನ ಕೂರುವ ಮೂಲೆ ಅದು. ಬೆದ್ರಿ ಅತ್ತ ಕಣ್ಣೂ ಹಾಯಿಸಲಿಲ್ಲ. ರಮ್ಲಾಳಿಗೆ ಅವನ ಮೇಲೆ ಗೌರವ ಮೂಡಿತು, ಜೊತೆಗೆ ಸಂಕಟವೂ. ಇನ್ನೇನು ಮೇಲೆ ಬನ್ನಿ ಎಂದು ಅವಳೇ ಕರೆಯಬೇಕೇ, ಕರೆದರೆ ಅಪ್ಪನಿಗೆ ಏನನ್ನಿಸೀತು ಎಂದು ಯೋಚಿಸುತ್ತ ನಿಂತಿರುವಾಗ, ಜೈತುನಾ ಕಾಲೆಳೆಯುತ್ತ ಬಂದು, ಮೂಲೆಯಲ್ಲಿ ದಿಂಬು ಸರಿಪಡಿಸಿ, ಹಾಯಾಗಿ ಕೂತಳು.

"ಅಮ್ಮಾ, ಅದು..."

"ಏನು? ಇಲ್ಲಿ ನಾನೇ ಕೂರೋದು. ಎಷ್ಟೋ ವರ್ಷ ಆಯ್ತು. ಇಲ್ಲಿಂದ ಬಾಗಿಲೂ ಕಾಣತ್ತೆ, ಟೀವೀನೂ ಕಾಣತ್ತೆ."

ಹಿರಿಯರಲ್ಲೊಬ್ಬ ನಗು ತಡೆಯಲಾರದೆ ಕೆಮ್ಮಿದ. ಫರ್ಹಾನ್ ಹೊರಕ್ಕೆ ಓಡಿದ. ರಮ್ಲಾ ಕಾಫಿ ಬಗ್ಗಿಸಿ ಮೊದಲ ಬಟ್ಟಲನ್ನು ಅಮ್ಮನಿಗೆ ಕೊಟ್ಟಳು. ಎಲ್ಲರೂ ಜೈತುನಾಳ ಬಾಯನ್ನೇ ನೋಡಿದರು. ಅವಳು ಕುಡಿದು, ಬಟ್ಟಲ ತಳ ನೋಡಿ, "ಇವತ್ತು ಕೈ ನಡುಗಿದೆ," ಎಂದಳು. ಬೆದ್ರಿ ತಲೆಯಾಡಿಸಿದ, ಹೌದು ಎಂಬಂತೆ.

ಹಿರಿಯರು ವಿಷಯ ಪ್ರಸ್ತಾಪಿಸಿದರು. ಉತ್ತರಕ್ಕೆ ಎಲ್ಲರೂ ರಮ್ಲಾಳ ಕಡೆ ತಿರುಗಿದಾಗ, "ನಮ್ಮ ಹುಡುಗಿಗೆ ಸ್ವಲ್ಪ ಬಾಯಿ ಜಾಸ್ತಿ," ಎಂದಳು ಅವಳು, "ನೀವು ಹೊಟ್ಟೆಗೆ ಹಾಕ್ಕೋಬೇಕು." ಅಷ್ಟೇ ಹೇಳಿ ಒಳಗೆ ಹೋಗಿ, ಅಡಿಗೆಮನೆಯ ಕತ್ತಲಲ್ಲಿ ನಿಂತು ಸ್ವಲ್ಪ ಅತ್ತಳು. ಅಪ್ಪನಿಗಾಗಿ ಅತ್ತಳೋ, ಅಮ್ಮನಿಗಾಗಿಯೋ ಅವಳಿಗೇ ತಿಳಿಯಲಿಲ್ಲ. ಅತ್ತ ಮೇಲೆ ಹಗುರಾಯಿತು.

ರಮ್ಲಾ ಶಾಲೆಗೆ ರಜೆ ಹಾಕಿ ಅಲ್ಲೇ ಉಳಿದಳು. ಗುರುವಾರ ಊರೆಲ್ಲ ಮನೆಗೆ ಬಂತು. ಮದುವೆಗೂ ಸಾವಿಗೂ ಒಟ್ಟಾಗುವ ಓಣಿಯ ಹೆಂಗಸರ ಕೂಟ ಅಂಗಳ ತುಂಬಿ, ಡೋಲು ಬಡಿಯುತ್ತ, ಮರದ ಹಲಗೆ ತಟ್ಟುತ್ತ ಹಾಡಿತು. ಹೊಸ ಮದುಮಗಳಿಗೆ ಹಾಡುವ ಹಾಡುಗಳನ್ನೇ ಹಾಡಿ, ಮಧ್ಯೆ ಮಧ್ಯೆ ತುಂಟ ಸಾಲು ಸೇರಿಸಿ, ತಾವೇ ಬಿದ್ದು ಬಿದ್ದು ನಕ್ಕರು. ಈರುಳ್ಳಿ ಕೊಂಡ ನೆಂಟಳು ಎಲ್ಲರಿಗಿಂತ ಮುಂದೆ ಕೂತಿದ್ದಳು. ರಮ್ಲಾ ಅಮ್ಮನ ಮದರಂಗಿ ಹಚ್ಚಿದ ಕೂದಲನ್ನು ಎರಡು ಭಾಗ ಮಾಡಿ, ಕಿವಿಗಳ ಹಿಂದೆ ಎರಡು ತುರುಬು ಸುತ್ತಿ, ಮೇಲೆ ತೆಳು ಬಲೆಬಟ್ಟೆ ಕಟ್ಟಿದಳು. ತನ್ನ ಮದುವೆಯಲ್ಲಿ ಅಮ್ಮ ತನಗೆ ಕಟ್ಟಿದ್ದ ಹಾಗೆ.

"ಬಿಗಿ ಆಯ್ತು," ಎಂದಳು ಜೈತುನಾ.

"ಸುಮ್ನಿರು. ಮದುಮಗಳು ಮಾತಾಡಬಾರದು."

ಜೈತುನಾ ಸುಮ್ಮನಾದಳು. ಆ ದಿನ ಅವಳು ಸುಮ್ಮನಿದ್ದದ್ದು ಅಷ್ಟು ಹೊತ್ತೇ ಎಂದು ಆಮೇಲೆ ಊರವರು ಹೇಳಿಕೊಂಡರು.

ಗಂಡ, ಮಕ್ಕಳು ಊಟ ಮುಗಿಸಿ ರಾತ್ರಿಯೇ ಕಾರಿನಲ್ಲಿ ಮರಳಿದ್ದರು. ಮರುದಿನ ರಮ್ಲಾ ಹೊರಟಾಗ ಬೆದ್ರಿ ಅಂಗಳದಲ್ಲಿ ಹೊಸ ಒಲೆ ಹೂಡುತ್ತಿದ್ದ, ಜೈತುನಾ ಮೆಟ್ಟಿಲ ಮೇಲೆ ಕೂತು ಒಲೆ ವಾರೆಯಾಗಿದೆ ಎನ್ನುತ್ತಿದ್ದಳು. ಫರ್ಹಾನ್ ಆಟೋದಲ್ಲಿ ಬಿಡುತ್ತೇನೆಂದರೂ ರಮ್ಲಾ ಒಪ್ಪದೆ, ಬೇಕೆಂದೇ ಸುತ್ತು ದಾರಿ ಹಿಡಿದು ನಡೆದಳು. ಶುಕ್ರವಾರದ ನಮಾಜಿಗೆ ಬಿಳಿಬಟ್ಟೆ ತೊಟ್ಟ ಗಂಡಸರು ಓಣಿಓಣಿಯಿಂದ ಇಳಿದು ದೊಡ್ಡ ಮಸೀದಿಯ ಕಡೆ ಹರಿಯುತ್ತಿದ್ದರು. ಗೋರಿಯೊಂದರ ಬಾಗಿಲಲ್ಲಿ ಅಜ್ಜಿಯೊಬ್ಬಳು ಕಾಫಿ ಎಲೆಯ ಕಷಾಯ ಕುದಿಸುತ್ತಿದ್ದಳು. ಗೋಡೆಗಳ ಸುಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಮುಂದಿನ ರಜೆಗೆ ಮಕ್ಕಳನ್ನು ಕಾರಿಲ್ಲದೆ ಕರೆತರಬೇಕು ಎಂದುಕೊಂಡಳು. ಕೋಟೆಯ ಬಾಗಿಲಿನಿಂದ ಬಾಗಿಲಿಗೆ ನಡೆಸಬೇಕು.

ಮಿನಿಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಅವಳ ಕೈಯ ಮದರಂಗಿ ನೋಡಿ, "ಹಬ್ಬಾನಾ ಮದುವೇನಾ?" ಎಂದು ಕೇಳಿದಳು.

"ಮದುವೆ."

"ಯಾರದು? ತಂಗೀದಾ?"

ರಮ್ಲಾ ಶಾಲು ಸರಿಮಾಡಿಕೊಂಡು, ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ನಮ್ಮಮ್ಮನ್ದು."

ಡ್ರೈವರು ಕೂಡ ಕನ್ನಡಿಯಲ್ಲಿ ಅವಳನ್ನು ನೋಡಿದ. "ರಸ್ತೆ ನೋಡಪ್ಪಾ," ಎಂದಳು ರಮ್ಲಾ. ಆಮೇಲೆ ಪಕ್ಕದವಳ ಕಡೆ ತಿರುಗಿದಳು. "ಕೂತ್ಕೊಳ್ಳಿ, ಇಳಿ ದಾರಿ ಉದ್ದ ಇದೆ, ಎಲ್ಲಾ ಹೇಳ್ತೀನಿ."